ನಮ್ಮ ಸೊಸೆ ಬೆಂಕಿ ಆರಿಸುವವಳು

ಅಮೆರಿಕದಲ್ಲಿ ಮಗನ ಮನೆಗೆ ಹೋದ ಮೂರನೆಯ ದಿನ ನಾನು ಮಾಡಿದ ಘನಕಾರ್ಯವೆಂದರೆ ಬೀದಿಗೆಲ್ಲ ಕೇಳುವ ಹಾಗೆ ಒಗ್ಗರಣೆ ಹಾಕಿದ್ದು! ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಎದ್ದದ್ದೇ ತಡ, ಚಾವಣಿಗೆ ಅಂಟಿಸಿದ್ದ ಬಿಳಿ ಡಬ್ಬಿಯೊಂದು "ಕೀಂ ಕೀಂ" ಎಂದು ಕಿರುಚತೊಡಗಿತು. ನಾನು ಸೌಟು ಬಿಟ್ಟು ಹಿತ್ತಲಿಗೆ ಓಡಿದೆ. ಮಗ ಟವೆಲು ಬೀಸುತ್ತಾ ಬಂದ. ಸೊಸೆ ಮಾತ್ರ ಕಿಟಕಿ ತೆರೆದು ನಗುತ್ತಾ, "ಹೆದರ್ಕೋಬೇಡಿ ಅತ್ತೆ, ಅದು ಹೊಗೆ ಕಂಡ್ರೆ ಕೂಗುತ್ತೆ ಅಷ್ಟೆ. ನಿಜವಾಗ್ಲೂ ಬೆಂಕಿ ಬಿದ್ರೆ ಬರೋರು ನಾವೇ" ಅಂದಳು.

ನಾವೇ ಅಂದರೆ? ಆಗಲೇ ನನಗೆ ಗೊತ್ತಾದದ್ದು, ನನ್ನ ಸೊಸೆ ಊರಿನ ಫೈರ್ ಕಂಪನಿಗೆ ಸೇರಿದ್ದಾಳೆ ಅಂತ. ಫೋನಿನಲ್ಲಿ ಇಬ್ಬರೂ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ನಾನು ಅರಸೀಕೆರೆಯಿಂದಲೇ ಕೂಗಾಡುತ್ತಿದ್ದೆ ಅನ್ನಿ.

ಅದು 2023ರ ಸೆಪ್ಟೆಂಬರ್. ಪೆನ್ಸಿಲ್ವೇನಿಯಾ ರಾಜ್ಯದ ಗುಡ್ಡಗಳ ನಡುವೆ ಒಂದು ಪುಟ್ಟ ಊರು. ಒಂದೇ ಒಂದು ದೊಡ್ಡ ಬೀದಿ, ಎರಡು ಚರ್ಚು, ಒಂದು ಅಂಚೆ ಕಚೇರಿ. ಊರು ದಾಟಿದರೆ ಜೋಳದ ಹೊಲ, ಹಸುಗಳ ಕೊಟ್ಟಿಗೆ. ಅಮೆರಿಕ ಎಂದರೆ ಬರೀ ಗಗನಚುಂಬಿ ಕಟ್ಟಡ ಎಂದುಕೊಂಡು ಹೋದವಳಿಗೆ ನಮ್ಮ ತಾಲ್ಲೂಕಿನ ಹೋಬಳಿ ಊರನ್ನೇ ತೊಳೆದು ಒರೆಸಿ ಇಟ್ಟ ಹಾಗೆ ಕಂಡಿತು. ಆ ಬೀದಿಯ ನಡುವೆ ಕೆಂಪು ಬಾಗಿಲಿನ ದೊಡ್ಡ ಷೆಡ್ಡು. ಅದೇ ಫೈರ್ ಹಾಲ್.

ಕಂಪನಿ ಎಂದರೆ ಲಾಭದ ಕಂಪನಿ ಅಲ್ಲ ನೋಡಿ, ಊರವರೇ ಕಟ್ಟಿಕೊಂಡ ಕೂಟ. ಸಂಬಳವಿಲ್ಲ. ಗಾಳಿಪಟ ಹಾರಿಸಿ ಮಿಂಚಿನ ಗುಟ್ಟು ಹಿಡಿದವನೆಂದು ಶಾಲೆಯಲ್ಲಿ ಓದಿದ್ದೇವಲ್ಲ, ಬೆಂಜಮಿನ್ ಫ್ರಾಂಕ್ಲಿನ್, ಆ ಮಹಾನುಭಾವನೇ 1736ರಲ್ಲಿ ಇದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ ಇಂಥ ಕೂಟ ಕಟ್ಟಿದ. ಮೂವತ್ತು ಜನರ ಸಂಘ. ಪ್ರತಿಯೊಬ್ಬರೂ ಚರ್ಮದ ಬಕೆಟ್ಟು, ಸಾಮಾನು ತುಂಬಿ ಹೊರಗೆ ಸಾಗಿಸಲು ಚೀಲ ಸಿದ್ಧವಾಗಿ ಇಟ್ಟುಕೊಂಡಿರಬೇಕು. ತಿಂಗಳ ಸಭೆಗೆ ಬಾರದವರಿಗೆ ದಂಡ, ಆ ದಂಡದ ಹಣದಿಂದ ಏಣಿ, ಕೊಕ್ಕೆ, ನೀರಿನ ಯಂತ್ರ. ಫಿಲಡೆಲ್ಫಿಯಾ ನಗರ 1871ರಲ್ಲಿ ಸಂಬಳದ ದಳ ಮಾಡಿಕೊಂಡಿತು. ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ಮಾತ್ರ ಹಳೆಯ ಪದ್ಧತಿಯೇ ಉಳಿದು ಬಂದಿದೆ. ಆದರೆ ಜನ ಸಿಗುತ್ತಿಲ್ಲ. 1970ರ ದಶಕದಲ್ಲಿ ಆ ಒಂದು ರಾಜ್ಯದಲ್ಲೇ ಸುಮಾರು 3 ಲಕ್ಷ ಸ್ವಯಂಸೇವಕರಿದ್ದರಂತೆ. 2018ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಅದು 38 ಸಾವಿರಕ್ಕೆ ಇಳಿದಿತ್ತು.

ನಮ್ಮವಳು ಸೇರಿದ್ದು ಹೇಗೆ ಅಂತೀರಾ? ಹಿಂದಿನ ಚಳಿಗಾಲದಲ್ಲಿ, ಮನೆ ಬೆಚ್ಚಗಿಡುವ ಗ್ಯಾಸಿನ ಒಲೆ ಕೆಟ್ಟು ಇಂಗಾಲದ ವಿಷಾನಿಲ ಸೋರಿದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗೋಡೆಯ ಮೇಲಿನ ಇನ್ನೊಂದು ಡಬ್ಬಿ ಕೂಗದೆ ಇದ್ದಿದ್ದರೆ... ಆ ಮಾತು ಬೇಡ ಬಿಡಿ. ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿಮದಲ್ಲಿ ನಿಂತಿದ್ದಾಗ ಕೆಂಪು ಲಾರಿ ಬಂತು. ಇಳಿದವರು ಯಾರು? ಶಾಲೆಯ ಬಸ್ಸಿನ ಡ್ರೈವರು, ದಿನಸಿ ಅಂಗಡಿಯವನು, ಹಸು ಸಾಕುವ ಮುದುಕ! ಮನೆಯೆಲ್ಲ ಪರೀಕ್ಷಿಸಿ, ಗ್ಯಾಸ್ ನಿಲ್ಲಿಸಿ, ಬೆಳಗಿನ ಜಾವ ಹೋದರು. ಬಿಲ್ಲು ಇಲ್ಲ. ಮರುವಾರ ಇವಳು ಕೇಕು ಹಿಡಿದುಕೊಂಡು ಥ್ಯಾಂಕ್ಸ್ ಹೇಳಲು ಹೋದರೆ, ಅವರು ಕೇಕು ತಿಂದು, "ಹಗಲು ಹೊತ್ತು ಊರಲ್ಲಿ ಇರ್ತೀಯಾ?" ಎಂದು ಕೇಳಿದರಂತೆ. ಬಹಳಷ್ಟು ಸದಸ್ಯರು ಹಗಲು ದೂರದ ಪಟ್ಟಣಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಇವಳೋ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವವಳು.

ಅರ್ಜಿ ಹಾಕಿದ್ದು, ಪೊಲೀಸ್ ದಾಖಲೆ ನೋಡಿದ್ದು, ತಿಂಗಳ ಸಭೆಯಲ್ಲಿ ಸದಸ್ಯರು ಓಟು ಹಾಕಿದ್ದು, ಎಲ್ಲಾ ಆಯಿತು. ಆಮೇಲೆ ಪಾಠ. ನಾಲ್ಕು ಭಾಗ, 150 ಗಂಟೆಗೂ ಮಿಕ್ಕಿ, ಅದೂ ಸಂಜೆ ಮತ್ತು ಶನಿವಾರ-ಭಾನುವಾರ. ಉರಿಯುವ ಮನೆಯ ಒಳಗೆ ಹೋಗುವುದು ಕೊನೆಯ ಭಾಗ. ಅಲ್ಲಿಯವರೆಗೆ ಹೊರಗಿನ ಕೆಲಸವೇ. ಕೋಟು, ಷರಾಯಿ, ಬೂಟು, ಹೆಲ್ಮೆಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರು, ಒಟ್ಟು 20 ಕಿಲೋಗೂ ಹೆಚ್ಚು ಭಾರ. ಒಂದು ಬಿಂದಿಗೆ ನೀರು ಎತ್ತಿದರೆ ಉಸ್ಸಪ್ಪಾ ಅನ್ನುತ್ತಿದ್ದ ಹುಡುಗಿ ಅದು!

ನಾನು ಸುಮ್ಮನಿರಲಿಲ್ಲ. "ಮಗುವಿನ ತಾಯಿ ಕಣೇ ನೀನು. ಊರ ಬೆಂಕಿಗೆ ನೀನೇ ಆಗ್ಬೇಕಾ?" ಎಂದು ದಿನಾ ಒಂದಲ್ಲ ಒಂದು ನೆಪದಲ್ಲಿ ಚುಚ್ಚಿದೆ. ಅವಳು ಎದುರು ಮಾತಾಡಲಿಲ್ಲ, ಪೇಜರನ್ನೂ ಸೊಂಟದಿಂದ ತೆಗೆಯಲಿಲ್ಲ. ಒಂದು ಸಂಜೆ ಮಾತ್ರ ನನ್ನ ಬಲಗೈಯ ಸುಟ್ಟ ಕಲೆ ಮುಟ್ಟಿ, "ಇದು ಹೇಗಾಯ್ತು ಅಂತ ನೀವು ಯಾವತ್ತೂ ಹೇಳಿಲ್ಲ ಅತ್ತೆ" ಅಂದಳು.

ನಿಮಗೆ ಹೇಳಲು ಸಂಕೋಚವೇನು? 1978, ಮದುವೆಯಾದ ಹೊಸತು. ಸಂಡಿಗೆ ಕರಿಯುವಾಗ ಯಾರೋ ಕರೆದರೆಂದು ನಡುಮನೆಗೆ ಹೋಗಿ ಬಂದೆ. ಬಾಣಲೆಯ ಎಣ್ಣೆ ಹತ್ತಿಕೊಂಡು ಧಗಧಗ ಉರಿಯುತ್ತಿತ್ತು. ಗಾಬರಿಯಲ್ಲಿ ಒಂದು ಚೊಂಬು ನೀರು ಎರಚಿದೆ. ಜ್ವಾಲೆ ಸೂರಿಗೆ ಹಾರಿತು, ಎಣ್ಣೆ ನನ್ನ ಕೈಮೇಲೆ. ಮನೆಯವರು ಓಡಿ ಬಂದು ಶಾಯಿ ಸುರಿದರು. ನಲವತ್ತೈದು ವರ್ಷ ಅದನ್ನು ನನ್ನ ಗ್ರಹಚಾರ ಎಂದುಕೊಂಡಿದ್ದೆ.

ಅಕ್ಟೋಬರ್ ಎರಡನೆಯ ವಾರ ಫೈರ್ ಹಾಲಿನ ಬಾಗಿಲು ಊರಿಗೆಲ್ಲ ತೆರೆದಿತ್ತು. 1871ರ ಅಕ್ಟೋಬರ್‌ನಲ್ಲಿ ಷಿಕಾಗೋ ನಗರ ಹೊತ್ತಿ ಉರಿದ ನೆನಪಿಗೆ ಅಲ್ಲಿ ಪ್ರತಿವರ್ಷ ಬೆಂಕಿ ತಡೆಯುವ ಸಪ್ತಾಹ ನಡೆಯುತ್ತದೆ. ಆ ವರ್ಷದ ವಿಷಯವೇ ಅಡುಗೆಮನೆ! ಮಕ್ಕಳು ಲಾರಿ ಹತ್ತಿ ಗಂಟೆ ಬಾರಿಸುತ್ತಿದ್ದರು. ಹೆಂಗಸರು ತಿಂಡಿ ಮಾರಿ ಲಾರಿಗೆ ಹಣ ಕೂಡಿಸುತ್ತಿದ್ದರು. ನನ್ನ ರವೆ ಉಂಡೆಯೂ ಒಂದು ತಟ್ಟೆ ಇತ್ತು, ಅರ್ಧ ಗಂಟೆಯಲ್ಲಿ ಖಾಲಿ! (ತುಪ್ಪ ಸ್ವಲ್ಪ ಧಾರಾಳವಾಗಿಯೇ ಹಾಕಿದ್ದೆ.)

ಅಲ್ಲಿ ಅಂಗಳದಲ್ಲಿ ಬಾಣಲೆಯ ಎಣ್ಣೆಗೆ ಬೆಂಕಿ ಹಚ್ಚಿ, ದೂರದಿಂದ ಉದ್ದ ಕೋಲಿನಲ್ಲಿ ಒಂದು ಲೋಟ ನೀರು ಸುರಿದು ತೋರಿಸಿದರು. ಮನೆ ಎತ್ತರ ಜ್ವಾಲೆ. ನನ್ನ ಕೈ ತಾನಾಗಿ ಹಿಂದೆ ಸರಿಯಿತು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದು ಆ ಕಾವಿಗೆ ತಟ್ಟನೆ ಆವಿಯಾಗಿ, ಉರಿಯುವ ಎಣ್ಣೆಯನ್ನೇ ಮೇಲಕ್ಕೆ ಎಸೆಯುತ್ತದೆ. ಆಮೇಲೆ ಇನ್ನೊಂದು ಬಾಣಲೆ. ನಮ್ಮ ಸೊಸೆ ಬಂದು ಪಕ್ಕದಿಂದ ಒಂದು ಮುಚ್ಚಳ ಸರಿಸಿದಳು, ಒಲೆ ಆರಿಸಿದಳು. ಮುಗಿಯಿತು. ಬಾಣಲೆ ಎತ್ತಿಕೊಂಡು ಓಡಬಾರದು, ಪೂರ್ತಿ ತಣಿಯುವ ತನಕ ಮುಚ್ಚಳ ತೆಗೆಯಬಾರದು. ಸುಟ್ಟ ಕೈಗೆ ಶಾಯಿಯೂ ಬೇಡ, ಟೂತ್‌ಪೇಸ್ಟೂ ಬೇಡ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು, ಆಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಒಂದು ಮುಚ್ಚಳ, ನೋಡಿ! ಅಂದು ನನ್ನ ಪಕ್ಕದಲ್ಲೇ ಇತ್ತು.

ಅದಾದ ನಾಲ್ಕನೆಯ ರಾತ್ರಿ, ಎರಡು ಗಂಟೆಯ ಸುಮಾರಿಗೆ ಪೇಜರು ಕೂಗಿತು. ಹಿಂದೆಯೇ ಫೈರ್ ಹಾಲಿನ ಸೈರನ್. ನಾನು ಹೊದಿಕೆ ಸರಿಸಿ ಹೊರಬರುವಷ್ಟರಲ್ಲಿ ಸೊಸೆ ಬಾಗಿಲಲ್ಲಿದ್ದಳು. "ನೀವು ಮಲಗಿ ಅತ್ತೆ" ಎಂದು ಹೋಗಿಬಿಟ್ಟಳು. ಅವಳ ಕಾರಿನ ನೀಲಿ ದೀಪ ತಿರುವಿನಲ್ಲಿ ಮರೆಯಾಯಿತು. ಆ ದೀಪಕ್ಕೆ ಕಾನೂನಿನಲ್ಲಿ ವಿಶೇಷ ಹಕ್ಕೇನಿಲ್ಲವಂತೆ, ಜನರೇ ಮರ್ಯಾದೆಯಿಂದ ದಾರಿ ಬಿಡುತ್ತಾರೆ. ಗುಡ್ಡದಾಚೆ ಆಕಾಶ ಕುಂಕುಮದ ಹಾಗೆ ಕೆಂಪಾಗಿತ್ತು. "ಅವಳನ್ನ ಒಳಗೆ ಕಳಿಸಲ್ಲಮ್ಮಾ, ಆ ಪಾಠ ಇನ್ನೂ ಆಗಿಲ್ಲ" ಎಂದ ಮಗ. ಆದರೆ ಅವನೂ ಮಲಗಲಿಲ್ಲ. ಮಗು ಎದ್ದು ಅಮ್ಮ ಎಲ್ಲಿ ಎಂದಿತು. ನನಗೆ ಗೊತ್ತಿದ್ದ ದೇವರ ನಾಮವೆಲ್ಲ ಮುಗಿದವು.

ಬಂದಾಗ ಎಂಟು ಗಂಟೆ. ಹೊಗೆಯ ವಿಷ ಮನೆಗೆ ಬರಬಾರದೆಂದು ಕೋಟು, ಬೂಟು ಅಲ್ಲೇ ಬಿಟ್ಟು ಬಂದಿದ್ದಳು, ಆದರೂ ಕೂದಲಲ್ಲಿ ಹುಲ್ಲು ಸುಟ್ಟ ವಾಸನೆ. ಆ ವಾಸನೆ ನನಗೆ ಗೊತ್ತು! ಹಸಿ ಹುಲ್ಲನ್ನು ಒತ್ತಿ ಕಟ್ಟಿಟ್ಟರೆ ಒಳಗೇ ಕಾವೇರಿ ವಾರಗಳ ಮೇಲೆ ತಾನಾಗಿ ಹೊತ್ತಿಕೊಳ್ಳುತ್ತದೆ. ಚಿಕ್ಕವಳಿದ್ದಾಗ ನಮ್ಮ ಹಳ್ಳಿಯಲ್ಲಿ ಬಣವೆ ಹತ್ತಿಕೊಂಡಾಗ ಕಟ್ಟೆಯಿಂದ ಸಾಲು ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದ್ದೆವು. ಇಲ್ಲಿಯೂ ಹೊಲದ ನಡುವೆ ನಲ್ಲಿ ಎಲ್ಲಿಂದ ಬರಬೇಕು? ನೆಲದ ಮೇಲೆ ಕ್ಯಾನ್‌ವಾಸಿನ ದೊಡ್ಡ ತೊಟ್ಟಿ ಬಿಡಿಸಿ, ಟ್ಯಾಂಕರುಗಳು ಒಂದರ ಹಿಂದೆ ಒಂದು ಕೆರೆಯಿಂದ ನೀರು ತಂದು ಸುರಿದು ಹೋಗುತ್ತವೆ. ಅಕ್ಕಪಕ್ಕದ ನಾಲ್ಕು ಊರಿನ ಕಂಪನಿಗಳು ಬಂದಿದ್ದವಂತೆ. ನಮ್ಮವಳು ರಾತ್ರಿಯಿಡೀ ಆ ತೊಟ್ಟಿಯ ಕಾವಲು.

"ಹಸುಗಳು?" ಅಂದೆ.

"ಎಲ್ಲಾ ಹೊರಗೆ ಬಂದ್ವು ಅತ್ತೆ. ಮನೆ ಉಳೀತು. ಕೊಟ್ಟಿಗೆ ಹೋಯ್ತು." ಅಷ್ಟು ಹೇಳಿ ಅಳತೊಡಗಿದಳು. ಆ ಮುದುಕನದೇ ಕೊಟ್ಟಿಗೆ, ಹಿಮದ ರಾತ್ರಿ ಇವರ ಮನೆಗೆ ಬಂದಿದ್ದನಲ್ಲ, ಅವನದು.

ನಾನು ಮೂರು ಅಕ್ಕಿರೊಟ್ಟಿ ತಟ್ಟಿ ಹಾಕಿದೆ. ತಿಂದು ಸೋಫಾದ ಮೇಲೆ ಒರಗಿದವಳು ಅಲ್ಲೇ ನಿದ್ದೆ ಹೋದಳು. ಆಮೇಲೆ ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ, ಖಾರ ಕಡಿಮೆ ಮಾಡಿ, ಮಗನ ಕೈಲಿ ಕಾರು ತೆಗೆಸಿ ಆ ಮುದುಕನ ಮನೆಗೆ ಹೋದೆ. ಅವನ ಹೆಂಡತಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಅಷ್ಟಕ್ಕಷ್ಟೆ. ಅಂಗಳದಲ್ಲಿ ಇನ್ನೂ ಹೊಗೆಯಾಡುತ್ತಿತ್ತು. ಇಬ್ಬರೂ ಹಸುಗಳನ್ನು ನೋಡುತ್ತಾ ನಿಂತೆವು.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಒಲೆಯ ಪಕ್ಕದ ಮೊಳೆಗೆ ಅಗಲವಾದ ಮುಚ್ಚಳ ತೂಗುಹಾಕಿದ್ದು. 101 ಎಂಬ ನಂಬರನ್ನು ಫ್ರಿಜ್ಜಿನ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದೆ. 112 ಕೂಡ. 2024ರ ಏಪ್ರಿಲ್‌ನಲ್ಲಿ ಸೊಸೆಯ ಫೋನು: "ಅತ್ತೆ, ಒಳಗೆ ಹೋಗೋ ಪರೀಕ್ಷೇನೂ ಪಾಸಾದೆ." ಜೊತೆಗೊಂದು ಫೋಟೋ, ಮುಖವೆಲ್ಲ ಮಸಿ, ತಲೆಯಲ್ಲಿ ಹೆಲ್ಮೆಟ್ಟು. ಅದನ್ನು ಪಕ್ಕದ ಮನೆಯವರಿಗೆ ತೋರಿಸುತ್ತಾ ಕಾಂಪೌಂಡಿನ ಹತ್ತಿರ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು.