ಒಳಗ ಬಿಡ್ತಾರೇನು?

ಜಪಾನಿನ ಕ್ಯೋಟೋ ನಗರದಲ್ಲಿ ಬುದ್ಧನ ಗುಡಿಗಳನ್ನು ಒಂದಾದ ಮೇಲೊಂದು ಕಾಲ್ನಡಿಗೆಯಲ್ಲೇ ನೋಡಿ ಬರಬಹುದು. ಅಲ್ಲಿ ಗಂಟೆ ಇದೆ, ದೀಪ ಇದೆ, ಭಿಕ್ಷುಗಳಿದ್ದಾರೆ. ನಮ್ಮ ಕಡೆ ಬುದ್ಧ ಹಾಗೆ ಸಿಗುವುದಿಲ್ಲ. ಕಲ್ಲಿನ ಮೇಲೆ ನಾಕು ಸಾಲಾಗಿ ಸಿಗುತ್ತಾನೆ. ಆ ಸಾಲುಗಳನ್ನಾದರೂ ಹುಡುಕೋಣವೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಾವು ಆರು ಜನ ಹೊರಟೆವು. ಇಬ್ಬರು ಮಾಸ್ತರು, ಒಬ್ಬ ಹಮಾಲ, ಮೂವರು ಓದುವ ಹುಡುಗರು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ.

ಬ್ಯಾಡಗಿ ದಾಟುವುದೆಂದರೆ ಘಾಟು ದಾಟುವುದು. ಇಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಗೌರವ ಸಿಕ್ಕಿತು. ಅದರ ತೊಟ್ಟು ಬಿಡಿಸುವ ಹೆಂಗಸರ ಬೆರಳಿಗೆ ಸಿಕ್ಕಿದ್ದು ಉರಿ. ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿದ್ದ ಒಬ್ಬ ಮುದುಕಿ ಕೇಳಿದಳು:

“ಎಲ್ಲಿಗ್ ಹೊಂಟೀರೋ ತಮ್ಮಾ, ಚೀಲಾ ಹೊತ್ಗೊಂಡು?”

“ಬುದ್ಧನ ಗುಡಿ ಇದ್ದ ಜಾಗಾ ನೋಡಾಕ, ಯವ್ವಾ.”

“ಒಳಗ ಬಿಡ್ತಾರೇನು?”

ನಾವು ನಕ್ಕೆವು. ಆಕೆ ನಗಲಿಲ್ಲ. ನಮ್ಮಲ್ಲಿ ಒಬ್ಬನ ಊರಿನಲ್ಲಿ ಜಾತ್ರೆಯ ತೇರಿಗೆ ನಮ್ಮವರ ಹಲಗೆ ಬೇಕು, ಹಲಗೆ ಬಾರಿಸಿದವರು ಮಾತ್ರ ಗುಡಿಯ ಕಟ್ಟೆಯ ಕೆಳಗೆ. ಆಕೆಗೆ ದೇವರೆಂದರೆ ಮೊದಲು ಹೊಸ್ತಿಲು.

ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನದೇ. ಕನಕದಾಸರ ಊರು. ಗುಡಿಯ ಹೊರಗೆ ನಿಂತವನಿಗೆ ಉಡುಪಿಯಲ್ಲಿ ಗೋಡೆ ಒಡೆದು ಕಿಂಡಿಯಾಯಿತೆಂದು ಜನ ಹೇಳುತ್ತಾರೆ. ನಮಗೆ ಕಿಂಡಿಯ ಮೇಲೆ ಸಿಟ್ಟಿಲ್ಲ. ಬಾಗಿಲು ಮುಚ್ಚಿಯೇ ಇತ್ತಲ್ಲ, ಅದರ ಮೇಲೆ ಸಿಟ್ಟು. ಮುಂದೆ ಹಾನಗಲ್ಲಿನ ತಾರಕೇಶ್ವರ ಗುಡಿ. ಹುಡುಗನೊಬ್ಬ “ತಾರಕೇಶ್ವರ ಅಂದ್ರ ನಮ್ಮ ತಾರಾ ಭಗವತೀನ ಇರಬೇಕ್ರಿ ಸರ್” ಅಂದ. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಸಾಕ್ಷಿಯಾಗುವುದಿಲ್ಲಪ್ಪ, ನಮ್ಮ ಇತಿಹಾಸ ಕಸಿದವರು ಮಾಡಿದ ಕೆಲಸವನ್ನೇ ನಾವೂ ಮಾಡಬಾರದು ಎಂದೆವು.

ಸಾಕ್ಷಿ ಬನವಾಸಿಯಲ್ಲಿದೆ. ಮಧುಕೇಶ್ವರ ಗುಡಿಯಲ್ಲಿ ಐದು ಹೆಡೆಯ ನಾಗನ ಕಲ್ಲು. ಕ್ರಿ.ಶ. ಮೂರನೆಯ ಶತಮಾನದ ಆಸುಪಾಸಿನದು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಚುಟು ಅರಸು ಮನೆತನದ ಹೆಣ್ಣುಮಗಳು ನಾಗಶ್ರೀ ಒಂದು ನಾಗ, ಒಂದು ಕೆರೆ, ಒಂದು ವಿಹಾರ ಮಾಡಿಸಿದಳೆಂದು ಅದು ಹೇಳುತ್ತದೆ. ನಾಗನನ್ನು ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ, ಅವನ ಗುರುವಿನ ಹೆಸರೂ ಇದೆ. ಸಂತೋಷ. ಆದರೆ ಕೆರೆ ಅಗೆದವರ ಹೆಸರಿಲ್ಲ. ನೀರು ಯಾರ್ಯಾರು ಮುಟ್ಟಬಹುದಿತ್ತೆಂದು ಕಲ್ಲು ಹೇಳುವುದಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಲು ಬಾಬಾಸಾಹೇಬರು ಸಾವಿರಾರು ಜನರ ಜತೆ ನಡೆಯಬೇಕಾಯಿತು.

ಆನವಟ್ಟಿ, ಶಿರಾಳಕೊಪ್ಪ ಹಾದು ಬಳ್ಳಿಗಾವಿ. ಅಲ್ಲಮನ ಊರೆಂದು ಹೇಳುವ ಊರು. ಚಾಲುಕ್ಯರ ಕಾಲದಲ್ಲಿ ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರೂ ಇದ್ದ ಪಟ್ಟಣ. ಕೇದಾರೇಶ್ವರ ನಿಂತಿದೆ, ತ್ರಿಪುರಾಂತಕ ನಿಂತಿದೆ, ವಿಹಾರ ನಿಂತಿಲ್ಲ. ಆಹವಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, 1065ರಲ್ಲಿ, ರೂಪಭಟ್ಟಯ್ಯನೆಂಬ ದಂಡನಾಯಕ ಇಲ್ಲಿ ಜಯಂತಿ ಬೌದ್ಧವಿಹಾರ ಕಟ್ಟಿಸಿ, ತಾರಾ ಭಗವತಿ, ಕೇಶವ, ಲೋಕೇಶ್ವರ, ಬುದ್ಧದೇವರ ಪೂಜೆಗೆ ದತ್ತಿ ಬಿಟ್ಟ. ಆಚೆ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಇನ್ನೊಂದು ಶಾಸನ: ಹದಿನಾರು ಜನ ಸೆಟ್ಟರು ಕಟ್ಟಿಸಿದ ವಿಹಾರ, ಲಕ್ಕುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ತಾರಾದೇವಿಯ ವಿಹಾರ.

ಲೆಕ್ಕ ನೋಡಿ. ಒಂದು ಕಡೆ ಅರಸು ಮನೆತನದ ಮಗಳು, ಒಂದು ಕಡೆ ದಂಡನಾಯಕ, ಒಂದು ಕಡೆ ಸೆಟ್ಟರು. ಕೊಟ್ಟ ಕೈ ಬೇರೆ ಕಡೆ ತಿರುಗಿದರೆ ಇಂಥ ವಿಹಾರದ ದೀಪಕ್ಕೆ ಎಣ್ಣೆ ಯಾರು ಹಾಕಬೇಕು? ಬುದ್ಧ ಇಲ್ಲಿ ಆರಿಹೋದದ್ದಕ್ಕೆ ಕಾರಣ ಹಲವು ಇರಬಹುದು. ಕೇರಿಯ ಒಲೆಯವರೆಗೆ ಅವನು ಬಂದಿದ್ದನೇ ಎಂಬ ಪ್ರಶ್ನೆಯನ್ನು ಮಾತ್ರ ನಾವು ಬಿಡುವಂತಿಲ್ಲ.

ಗುಡಿ ಉಳಿದರೆ ಎಲ್ಲ ಸರಿಹೋಗುತ್ತದೆಂದೂ ಅಲ್ಲ. ಗುಡಿಗಳು ತುಂಬಿದ ಆ ಜಪಾನಿನಲ್ಲೇ ಬುರಾಕುಮಿನ್ ಎಂಬ ಜನ ಇದ್ದಾರೆ. ಅವರ ಹಿರಿಯರು ಸತ್ತ ದನದ ಚರ್ಮ ಹದ ಮಾಡಿದರು, ಊರ ಹೊರಗೆ ಬಾಳಿದರು. ಸತ್ತ ಮೇಲೆ ಬೌದ್ಧ ಭಿಕ್ಷುಗಳು ಇಡುವ ಹೆಸರಿನಲ್ಲೂ ಎಷ್ಟೋ ಕಡೆ ಅವರ ಹೀನತನವನ್ನು ಸೂಚಿಸುವ ಅಕ್ಷರ ಸೇರಿಸಿ ಗೋರಿಯ ಮೇಲೆ ಕೆತ್ತಿದರು. ಅದೇ ಕ್ಯೋಟೋದಲ್ಲಿ, 1922ರ ಮಾರ್ಚ್ 3ರಂದು, ಆ ಜನ ಸೇರಿ ಸುಯ್‌ಹೇಶಾ ಎಂಬ ಸಂಘಟನೆ ಕಟ್ಟಿದರು. ಸುಯ್‌ಹೇಶಾ ಅಂದರೆ ಸಮತಟ್ಟು ಮಾಡುವವರ ಸಂಘ. ಬುದ್ಧನ ಹೆಸರು ಹೇಳುವವರ ನಡುವೆಯೇ ಸಮಾನತೆಗೆ ಬೇರೆ ಹೋರಾಟ ಬೇಕಾಯಿತು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಡೆದದ್ದು ಬೇರೆ ತರದ್ದು. ಅಲ್ಲಿ ರಾಜನ ದತ್ತಿ ಇರಲಿಲ್ಲ. ಬಿಳಿ ಬಟ್ಟೆ ಉಟ್ಟು, ಕೂಸು ಎತ್ತಿಕೊಂಡು ಬಂದ ಲಕ್ಷಾಂತರ ಜನ ಇದ್ದರು, ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಿದ್ದವು. ಎಲ್ಲ ಮನುಷ್ಯರೂ ಸಮಾನರೆಂಬುದು ಅವುಗಳಲ್ಲೊಂದು. ಇದು ಕಲ್ಲಿನಲ್ಲಿ ಕೆತ್ತಿಸಿದ ಬುದ್ಧ ಅಲ್ಲ, ಬಾಯಿಂದ ಬಾಯಿಗೆ ದಾಟಿದ ಬುದ್ಧ.

ಹಳ್ಳಿಯ ಮಾಸ್ತರರೇ, ನಿಮ್ಮ ಹುಡುಗರನ್ನು ಒಂದು ದಿನ ಊರ ಶಾಸನದ ಮುಂದೆ ನಿಲ್ಲಿಸಿರಿ. ಕೊಟ್ಟವರ ಹೆಸರು ಓದಿಸಿರಿ. ಆಮೇಲೆ ಕೇಳಿರಿ: ಅಗೆದವರು ಯಾರು, ಹೊತ್ತವರು ಯಾರು, ಹೊರಗೆ ನಿಂತವರು ಯಾರು? ಉತ್ತರ ಕಲ್ಲಿನಲ್ಲಿ ಇರುವುದಿಲ್ಲ. ಹುಡುಗರು ಮನೆಗೆ ಹೋಗಿ ಅಜ್ಜಿಯನ್ನು ಕೇಳಬೇಕಾಗುತ್ತದೆ.