ಜೋಡಿ ಆಟ

ನಾನು ಟೆನಿಸ್ ಆಡಿದವನಲ್ಲ. ಟೆನಿಸ್ ರಾಕೆಟ್ಟನ್ನು ಕೈಯಲ್ಲಿ ಹಿಡಿದದ್ದು ಒಂದೇ ಒಂದು ಸಲ. ಅದೂ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ, ಸಹಪಾಠಿಯೊಬ್ಬ ಬಿಚ್ಚಿಹೋದ ಬೂಟಿನ ಲಾಡಿಯನ್ನು ಕಟ್ಟಿಕೊಳ್ಳುವವರೆಗೆ. ಆದರೂ ದೊಡ್ಡ ಪಂದ್ಯಾವಳಿಗಳ ವಿಷಯದಲ್ಲಿ ನನಗಿರುವಷ್ಟು ಖಚಿತವಾದ ಅಭಿಪ್ರಾಯಗಳು ಆಡುವವರಿಗೂ ಇರಲಾರವು. ಜನವರಿಯಲ್ಲಿ ಮೆಲ್ಬರ್ನ್, ಮೇ ಕೊನೆಗೆ ಪ್ಯಾರಿಸ್, ಜೂನ್ ಕೊನೆಗೆ ವಿಂಬಲ್ಡನ್, ಆಗಸ್ಟ್ ಕೊನೆಗೆ ನ್ಯೂಯಾರ್ಕ್. ನಮ್ಮ ಹಿರಿಯರು ಮಳೆ ನಕ್ಷತ್ರಗಳನ್ನು ಎಣಿಸುತ್ತಿದ್ದಂತೆ ನಾನು ಇವನ್ನು ಎಣಿಸುತ್ತೇನೆ. ಮಳೆ ಕೈಕೊಟ್ಟಷ್ಟು ಸಲ ಇವು ಕೈಕೊಟ್ಟಿಲ್ಲ. 2020ರಲ್ಲಿ ಒಮ್ಮೆ ವಿಂಬಲ್ಡನ್ ನಡೆಯದೆ ಹೋದದ್ದುಂಟು, ಅಷ್ಟೆ.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿರುವ ಬಿ.ಜಿ. ಕೆರೆ ನನ್ನ ಊರು. ಕಡಲೆಕಾಯಿ, ಕುರಿ, ಕಂಬಳಿಗಳ ಸೀಮೆ. ಇಲ್ಲಿ ಟೆನಿಸ್ ಅಂಗಳವನ್ನು ಹುಡುಕಬಾರದು. ನಾವು ಹುಡುಗರಾಗಿದ್ದಾಗ ಆಡುತ್ತಿದ್ದುದು ಬಾಲ್ ಬ್ಯಾಡ್ಮಿಂಟನ್. ಅದರ ಚೆಂಡೂ ಉಣ್ಣೆಯದೇ. ಆದ್ದರಿಂದ ಅದು ನಮ್ಮ ಸೀಮೆಯ ಆಟವೆಂದೇ ನಾನು ಬಹಳ ದಿನ ನಂಬಿದ್ದೆ. ಒಂದು ಕಡೆಗೆ ಐವರು. ನಾನು ಮುಂದೆ, ನನ್ನ ಅಣ್ಣ ಹಿಂದೆ. ನಾನು ಬಿಟ್ಟ ಚೆಂಡುಗಳನ್ನೆಲ್ಲ ಅವನು ಎತ್ತಬೇಕಾಗಿತ್ತು. ನಾನು ಬಿಡುತ್ತಿದ್ದ ಚೆಂಡುಗಳು ಬಹಳ. ಸೋತಾಗಲೂ ಅಣ್ಣ ಬೈಯುತ್ತಿರಲಿಲ್ಲ. ಚೆಂಡಿಗೆ ಮೆತ್ತಿದ ಮಣ್ಣನ್ನು ಅಂಗಿಗೆ ಒರೆಸಿ, 'ಹೂಂ, ಹಾಕು' ಎನ್ನುತ್ತಿದ್ದ.

ಆ ಅಣ್ಣನೊಡನೆ ನಾನು ಆರು ವರ್ಷ ಮಾತು ಬಿಟ್ಟಿದ್ದೆ. ಕಾರಣ ಹೇಳಿದರೆ ಓದುಗರು ತಮ್ಮ ತಮ್ಮ ಮನೆಗಳನ್ನು ನೆನೆದಾರು. ಅಪ್ಪ ತೀರಿಕೊಂಡ ಮೇಲೆ ಹೊಲ ಭಾಗವಾಯಿತು. ನೀರಿದ್ದ ಬೋರು ಅವನ ಭಾಗಕ್ಕೆ ಬಿತ್ತು. ವಾರದಲ್ಲಿ ಮೂರು ದಿನ ನೀರು ನನಗೆ ಎಂದಿದ್ದ ಬಾಯಿಮಾತು ಬಾಯಲ್ಲೇ ಉಳಿಯಿತು. ಮನೆಯೂ ಎರಡಾಯಿತು. ಟೆನಿಸ್ ಬಲೆ ನಡುವಿನಲ್ಲಿ ಮೂರಡಿ ಎತ್ತರವಿರುತ್ತದೆ. ನಮ್ಮ ಹಿತ್ತಿಲಿನ ಗೋಡೆ ಏಳಡಿ.

ಇನ್ನು ಟೆನಿಸ್ಸಿಗೆ ಬರೋಣ. ಪಂದ್ಯಾವಳಿ ಹತ್ತಿರವಾದಂತೆ ಎಲ್ಲರೂ ಕೇಳುವುದು ಸಿಂಗಲ್ಸ್ ಯಾರು ಗೆಲ್ಲುತ್ತಾರೆಂದು. 2024ರ ಜನವರಿಯಲ್ಲಿಯೂ ಜೊಕೊವಿಚ್ ಇನ್ನೊಂದು ಸಲ ಗೆಲ್ಲುವನೋ, ಅಲ್ಕರಾಜ್, ಸಿನ್ನರ್ ಎಂಬ ಎಳೆಯರು ತಡೆಯುವರೋ ಎಂಬುದೇ ಮಾತು. ನನ್ನ ಕಣ್ಣು ಮಾತ್ರ ಡಬಲ್ಸ್ ಫಲಿತಾಂಶವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುವ ಮೂಲೆಯ ಮೇಲಿತ್ತು. ಅಲ್ಲಿ ಕೊಡಗಿನ ಕಾಫಿ ಬೆಳೆಗಾರರ ಮನೆಯ ರೋಹನ್ ಬೋಪಣ್ಣ ಇದ್ದರು. ಅವರು ಹುಟ್ಟಿದ್ದು 1980ರ ಮಾರ್ಚಿಯಲ್ಲಿ. ಹೆಚ್ಚುಕಡಿಮೆ ನನ್ನ ಓರಗೆಯವರು. ನಲವತ್ತಮೂರರಲ್ಲಿ ನಾನು ಕಾಲೇಜಿನ ಮಹಡಿ ಹತ್ತಿ, ತರಗತಿಯ ಬಾಗಿಲಲ್ಲಿ ನಿಂತು, ಹಾಜರಿ ಪುಸ್ತಕ ಹುಡುಕುವವನಂತೆ ನಟಿಸುತ್ತ ಉಸಿರು ತೆಗೆದುಕೊಳ್ಳುತ್ತಿದ್ದೆ. ಅವರ ಮಂಡಿಗಳೂ ಸವೆದಿದ್ದವು. ಯೋಗಾಭ್ಯಾಸದಿಂದ ಅವನ್ನು ದಾರಿಗೆ ತಂದುಕೊಂಡಿದ್ದರು. ಒಂದು ಕಾಲದಲ್ಲಿ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲದೆ, ಇನ್ನು ಸಾಕೆಂದು ಹೆಂಡತಿಗೆ ಹೇಳಿ ಕಳುಹಿಸಿದ್ದರಂತೆ.

2017ರಲ್ಲಿ ಕೆನಡಾದ ಡಬ್ರೋವ್‌ಸ್ಕಿಯೊಡನೆ ಪ್ಯಾರಿಸಿನಲ್ಲಿ ಮಿಶ್ರ ಡಬಲ್ಸ್ ಗೆದ್ದಿದ್ದರು, ನಿಜ. ಆದರೆ ಪುರುಷರ ಡಬಲ್ಸ್ ಕೈಗೆ ಬಂದಿರಲಿಲ್ಲ. 2010ರಲ್ಲಿ ಪಾಕಿಸ್ತಾನದ ಖುರೇಷಿಯೊಡನೆ ನ್ಯೂಯಾರ್ಕ್ ಫೈನಲಿಗೆ ಹೋಗಿ ಬ್ರಯಾನ್ ಸಹೋದರರ ಎದುರು ಸೋತರು. ಹದಿಮೂರು ವರ್ಷ ಕಳೆದು, 2023ರಲ್ಲಿ, ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್‌ನೊಡನೆ ಅದೇ ಊರಿನ ಫೈನಲಿನಲ್ಲಿ ಮತ್ತೆ ಸೋತರು. ಈಗ ಅದೇ ಜೋಡಿ ಮೆಲ್ಬರ್ನ್ ಫೈನಲಿನಲ್ಲಿತ್ತು. ಎದುರಿಗೆ ಇಟಲಿಯ ಬೊಲೆಲ್ಲಿ, ವವಸ್ಸೋರಿ. ನನಗೆ ಒಳಗೊಳಗೇ ಭಯ. ಆ ಇಟಲಿಯವರಿಗೆ ಶ್ರೇಯಾಂಕವಿರಲಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವರೊಡನೆ ಆಡುವುದು, ಬೋರಿಲ್ಲದವನೊಡನೆ ನೀರಿನ ಜಗಳ ಆಡಿದಂತೆ.

ಜನವರಿ 27, ಶನಿವಾರ. ಇಳಿಹೊತ್ತಿನಲ್ಲಿ ಟಿ.ವಿ. ಮುಂದೆ ಕುಳಿತೆ. ಡಬಲ್ಸ್ ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಪ್ರತಿಯೊಂದು ಪಾಯಿಂಟಿನ ಕೊನೆಗೆ ಜೊತೆಗಾರರಿಬ್ಬರೂ ಹತ್ತಿರ ಬಂದು ಅಂಗೈಗೆ ಅಂಗೈ ತಾಗಿಸುತ್ತಾರೆ. ಗೆದ್ದಾಗ ತಾಗಿಸುವುದು ದೊಡ್ಡದಲ್ಲ. ಒಬ್ಬನು ಕೈಗೆಟುಕಿದ ಚೆಂಡನ್ನು ಬಲೆಗೆ ಹೊಡೆದು ತಲೆ ತಗ್ಗಿಸಿ ನಿಂತಾಗಲೂ ಇನ್ನೊಬ್ಬ ಬಂದು ಕೈ ಚಾಚುತ್ತಾನೆ, ಅವನೂ ಚಾಚುತ್ತಾನೆ, ಮುಂದಿನ ಪಾಯಿಂಟು ಶುರುವಾಗುತ್ತದೆ. ಈ ಪದ್ಧತಿ ಅಂದು ನನ್ನ ಕಣ್ಣಿಗೆ ಚುಚ್ಚಿದಷ್ಟು ಹಿಂದೆಂದೂ ಚುಚ್ಚಿರಲಿಲ್ಲ.

ಮೊದಲ ಸೆಟ್ಟು ಆರು-ಆರು. ಟೈಬ್ರೇಕ್ ಆರಂಭವಾಗುತ್ತಿದ್ದಂತೆಯೇ ಕರೆಂಟು ಹೋಯಿತು. ಮೊಬೈಲ್ ತೆಗೆದೆ, ಸಿಗ್ನಲ್ಲೂ ಕರೆಂಟಿನ ಜೊತೆಯಲ್ಲೇ ಹೊರಟಿತ್ತು. ಹಿತ್ತಿಲಿಗೆ ಬಂದು ನಿಂತರೆ ಗೋಡೆಯಾಚೆಯಿಂದ ಟಿ.ವಿ. ಸದ್ದು ಕೇಳುತ್ತಿದೆ. ಅಣ್ಣನಿಗೆ ಅಂಗಡಿಯಿದ್ದುದರಿಂದ ಅವನ ಮನೆಯಲ್ಲಿ ಯು.ಪಿ.ಎಸ್. ಇತ್ತು. ಜನರ ಚಪ್ಪಾಳೆ, ಅಂಪೈರಿನ ದನಿ. ಅದೇ ಪಂದ್ಯ! ನಾನು ಗೋಡೆಗೆ ಕಿವಿ ಕೊಟ್ಟು ನಿಂತೆ. ಕನ್ನಡ ಅಧ್ಯಾಪಕನಿಗೆ ಒಪ್ಪುವ ಭಂಗಿಯಲ್ಲ ಅದು. ಆ ಸಮಯಕ್ಕೆ ಸರಿಯಾಗಿ ಅಣ್ಣನ ಮಗ ಮಹಡಿಯ ಮೇಲಿಂದ ಇಣುಕಿದ.

'ಚಿಕ್ಕಪ್ಪಾ, ಅಲ್ಯಾಕೆ ನಿಂತಿದ್ದೀಯ? ಬಾ, ನಮ್ಮವರು ನಾಲ್ಕು-ಸೊನ್ನೆ!'

ಹೋಗಲೋ ಬೇಡವೋ ಎಂದು ಯೋಚಿಸುವುದಕ್ಕೆ ಟೈಬ್ರೇಕ್ ಬಿಡುವು ಕೊಡುವುದಿಲ್ಲ. ನಾನು ಬೀದಿ ಸುತ್ತಿ ಅವನ ಹೊಸ್ತಿಲು ದಾಟುವ ಹೊತ್ತಿಗೆ ಅದು ಏಳು-ಸೊನ್ನೆಗೆ ಮುಗಿದೇಹೋಗಿತ್ತು. ಅಣ್ಣ ಮಂಚದ ಮೇಲೆ ಕುಳಿತಿದ್ದ. ನನ್ನನ್ನು ನೋಡಿದ, ಟಿ.ವಿ. ನೋಡಿದ, ಸ್ವಲ್ಪ ಆ ಕಡೆಗೆ ಸರಿದು ಕುಳಿತ. ಅತ್ತಿಗೆ ಒಳಗಿನಿಂದ ಹುರಿದ ಕಡಲೆಕಾಯಿ ತಂದಿಟ್ಟು, ಏನೂ ಆಗದವರಂತೆ 'ಕಾಫಿಗೆ ಸಕ್ಕರೆ ಹಾಕಬಹುದೇನಪ್ಪ, ಈಗಲೂ?' ಎಂದರು.

ಎರಡನೆಯ ಸೆಟ್ಟಿನ ನಡುವೆ ಅಣ್ಣ ಟಿ.ವಿ. ಕಡೆಯಿಂದ ಕಣ್ಣು ತೆಗೆಯದೆ ಕೇಳಿದ: 'ಅಲ್ಲ, ಈ ಆಟದಲ್ಲಿ ಸೊನ್ನೆಗೆ ಲವ್ ಅಂತಾರಲ್ಲ, ಯಾಕೋ?'

ಆರು ವರ್ಷದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಫ್ರೆಂಚಿನ ಮೊಟ್ಟೆಯ ಕಥೆಯೊಂದಿದೆ, ಪ್ರೀತಿಗಾಗಿ ಆಡುವವನ ಕಥೆಯೊಂದಿದೆ. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಯಾವುದನ್ನೂ ಹೇಳಲಾರದೆ, 'ಹಾಗೇ ಅಣ್ಣ, ರೂಢಿ' ಎಂದೆ.

ಏಳು-ಐದಕ್ಕೆ ಪಂದ್ಯ ಮುಗಿಯಿತು. ಓಪನ್ ಯುಗದ ಪುರುಷರ ಡಬಲ್ಸಿನಲ್ಲಿ ಅಷ್ಟು ವಯಸ್ಸಾದವರು ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ಅದೇ ಮೊದಲು. ಬಂದ ಸೋಮವಾರ ಬೋಪಣ್ಣ ಡಬಲ್ಸಿನಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. ನಡುವೆ ಭಾನುವಾರ ಸಿಂಗಲ್ಸ್ ಫೈನಲಿನಲ್ಲಿ ಸಿನ್ನರ್ ಎರಡು ಸೆಟ್ಟು ಸೋತು ಮೂರು ಗೆದ್ದ. ಅದನ್ನೂ ಅಣ್ಣನ ಮನೆಯಲ್ಲೇ ನೋಡಿದೆ. ಅಂದು ಕರೆಂಟು ಹೋಗಿರಲಿಲ್ಲ.

ಈಗ ಅಣ್ಣನಿಗೂ ಖಚಿತವಾದ ಅಭಿಪ್ರಾಯಗಳು ಬಂದಿವೆ. ಅವನು ಅಲ್ಕರಾಜನ ಕಡೆ, ನಾನು ಸಿನ್ನರನ ಕಡೆ. 2025ರ ಜೂನ್ 8ರ ಪ್ಯಾರಿಸ್ ಫೈನಲನ್ನು ಮಧ್ಯರಾತ್ರಿಯವರೆಗೆ ಕುಳಿತು ನೋಡಿದೆವು. ಐದು ಗಂಟೆ ಇಪ್ಪತ್ತೊಂಬತ್ತು ನಿಮಿಷ. ನನ್ನವನಿಗೆ ಗೆಲ್ಲಲು ಒಂದೇ ಪಾಯಿಂಟು ಬೇಕಾಗಿ, ಮೂರು ಅವಕಾಶಗಳಿದ್ದವು. ಮೂರನ್ನೂ ಉಳಿಸಿಕೊಂಡು ಅಣ್ಣನ ಹುಡುಗ ಗೆದ್ದ. 'ಮೂರು ಸಲ ಬಿತ್ತಿದರೂ ಮೊಳೆಯದ ಹೊಲ ನೋಡಿದವರಿಗೆ ಇದೇನು ಹೊಸದಲ್ಲ ಬಿಡು' ಎಂದು ಅಣ್ಣ ಎದ್ದು ಮಲಗಲು ಹೋದ. ಮುಂದಿನ ತಿಂಗಳು ವಿಂಬಲ್ಡನ್ನಿನಲ್ಲಿ ನನ್ನವನು ತೀರಿಸಿಕೊಂಡ. ಅಂದು ಅಣ್ಣ ಕಾಫಿ ಕೊಡಿಸಲು ಮರೆತ.

ಆ ವರ್ಷ ನವೆಂಬರ್ 1ರಂದು ಬೋಪಣ್ಣ ಆಟ ನಿಲ್ಲಿಸಿದ ಸುದ್ದಿ ಬಂತು. ನಾನು ಪತ್ರಿಕೆ ಒಯ್ದು ಅಣ್ಣನಿಗೆ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, 'ನಲವತ್ತೈದಾಯಿತಲ್ಲ. ಮಂಡಿ ಕೇಳಬೇಕಲ್ಲೋ' ಎಂದು ತನ್ನ ಮಂಡಿ ನೀವಿಕೊಂಡ.

ಬೋರಿನ ವಿಚಾರ ಇನ್ನೂ ಇತ್ಯರ್ಥವಾಗಿಲ್ಲ, ತಾಲ್ಲೂಕಿನ ಕೋರ್ಟಿನಲ್ಲಿದೆ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ. ಹೋಗುವಾಗಿನ ಟಿಕೆಟ್ಟು ಅವನದು, ಬರುವಾಗಿನದು ನನ್ನದು.