ಯಾರ ಮಗ ಎಂದು ಕೇಳದ ಸೈಕಲ್ಲು

ಬಾಡಿಗೆ ಸೈಕಲ್ ಅಂದರೆ ನಮ್ಮ ವಯಸ್ಸಿನವರಿಗೆ ವಿವರಿಸಬೇಕಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸೈಕಲ್ ಶಾಪು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದ ನಂಬರು, ಗಂಟೆ ಲೆಕ್ಕದ ಬಾಡಿಗೆ. ಹೆಸರು, ಹೊತ್ತು ಎರಡನ್ನೂ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಮುಗಿಯಿತು. ಅಡ್ವಾನ್ಸ್ ಇಲ್ಲ, ಅರ್ಜಿ ಇಲ್ಲ. "ಯಾರ ಮಗನಪ್ಪಾ ನೀನು?" ಎನ್ನುವ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಾಕು. ಉತ್ತರ ಇಲ್ಲದ ಪರವೂರಿನವನಿಗೆ ಸೈಕಲ್ಲೂ ಇಲ್ಲ!

ಪನಮರಂ ಕಡೆಯ ಕನ್ನಡ ಮೇಷ್ಟ್ರುಗಳಾದ ನಾವು ಮೈಸೂರಿನಲ್ಲಿ ಅಂಥ ಪರವೂರಿನವರೇ. ನಮ್ಮ ಹೊಳೆ ಮಾನಂದವಾಡಿ ಹೊಳೆಯ ಜೊತೆ ಕೂಡಿ ಕಬಿನಿಯಾಗಿ ಯಾರನ್ನೂ ಕೇಳದೆ ಕರ್ನಾಟಕಕ್ಕೆ ಹೋಗುತ್ತದೆ. ನಮಗಾದರೆ ಬಾವಲಿಯಲ್ಲಿ ಚೆಕ್‌ಪೋಸ್ಟು ಇದೆ, ಸಂಜೆ ಆರಕ್ಕೆ ಕಾಡಿನ ದಾರಿ ಬೇರೆ ಮುಚ್ಚುತ್ತದೆ. ಪುಸ್ತಕ ಕೊಳ್ಳಲು ಬೆಳಿಗ್ಗೆ ಮೈಸೂರಿಗೆ ಬಂದಿಳಿದರೆ ಕೈಯಲ್ಲಿ ಉಳಿಯುವುದು ಮೂರೋ ನಾಲ್ಕೋ ಗಂಟೆ. ಅದರಲ್ಲಿ ಆಟೋದವರ ಜೊತೆ ಚೌಕಾಸಿಗೆ ಹೋಗುವ ಹೊತ್ತೆಷ್ಟು ಅಂತ ನೀವೇ ಲೆಕ್ಕ ಹಾಕಿ.

ಆದ್ದರಿಂದ 2017ರ ಜೂನ್‌ನಲ್ಲಿ ಮೈಸೂರಿನಲ್ಲಿ 'ಟ್ರಿಣ್ ಟ್ರಿಣ್' ಶುರುವಾದಾಗ ಅಲ್ಲಿಯವರಿಗಿಂತ ನಮಗೇ ಹೆಚ್ಚು ಖುಷಿಯಾಗಿತ್ತು. 450 ಸೈಕಲ್ಲು, 48 ನಿಲ್ದಾಣ. ಕಾರ್ಡು ಮಾಡಿಸಲು 350 ರೂಪಾಯಿ, ಅದರಲ್ಲಿ 250 ವಾಪಸು ಸಿಗುವ ಠೇವಣಿ. ಒಂದು ಕಡೆ ಬೀಗ ಬಿಡಿಸಿಕೊಂಡು ಇನ್ನೊಂದು ಕಡೆ ಸಿಕ್ಕಿಸಿ ಹೋಗಬಹುದು. ಹಳೇ ಶಾಪಿನಲ್ಲಿ ತಂದಲ್ಲಿಗೇ ಒಪ್ಪಿಸಬೇಕಿತ್ತಲ್ಲ, ಅದೇ ದೊಡ್ಡ ವ್ಯತ್ಯಾಸ. ಇನ್ನೊಂದು ವ್ಯತ್ಯಾಸ ನಮಗೆ ಅದಕ್ಕಿಂತ ದೊಡ್ಡದು. ಆ ಬೀಗ ನಾವು ಯಾರ ಮಕ್ಕಳು ಅಂತ ಕೇಳಲಿಲ್ಲ.

ಹಾಗಂತ ಬೀಗ ಇಲ್ಲದೆ ನಡೆಯುತ್ತದೆಯೇ? 1965ರಲ್ಲಿ ಆಂಸ್ಟರ್‌ಡ್ಯಾಂನ ಯುವಕರು ಬಿಳಿ ಬಣ್ಣ ಬಳಿದ ಸೈಕಲ್ಲುಗಳನ್ನು ಯಾರು ಬೇಕಾದರೂ ಓಡಿಸಿ ಅಂತ ಬೀದಿಯಲ್ಲಿ ಬಿಟ್ಟರು. ಬೀಗ ಹಾಕದ ಸೈಕಲ್ ನಿಲ್ಲಿಸುವುದು ಕಾನೂನಿಗೆ ವಿರುದ್ಧ ಅಂತ ಪೊಲೀಸರು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್‌ನವರು ನಾಣ್ಯ ಹಾಕಿದರೆ ಬಿಚ್ಚಿಕೊಳ್ಳುವ ಸೈಕಲ್ ಮಾಡಿದರು. ತೆಗೆದುಕೊಂಡವನ ಗುರುತು ಉಳಿಯದ್ದರಿಂದ ಕಳ್ಳತನ ನಿಲ್ಲಲಿಲ್ಲ. ಕಾರ್ಡು ಬಂದ ಮೇಲೆಯೇ ಇದು ಊರೂರಿಗೆ ಹಬ್ಬಿದ್ದು. ಪ್ಯಾರಿಸ್‌ನಲ್ಲಿ 2007ರಲ್ಲಿ ಸಾವಿರಾರು ಸೈಕಲ್ಲುಗಳೊಂದಿಗೆ ಶುರುವಾಯಿತು. ಅಲ್ಲೂ ಕದ್ದವರು, ಮುರಿದವರು ಕಡಿಮೆಯೇನಿರಲಿಲ್ಲ ಬಿಡಿ.

ಆದರೆ ಶಾಪಿನ ಸಾಹೇಬರು ಮಾಡುತ್ತಿದ್ದ ಇನ್ನೊಂದು ಕೆಲಸವನ್ನು ಕಾರ್ಡು ಮಾಡುವುದಿಲ್ಲ. ದಿನಾ ಬೆಳಿಗ್ಗೆ ಗಾಳಿ ಹೊಡೆಯುವುದು, ಚೈನಿಗೆ ಎಣ್ಣೆ ಬಿಡುವುದು, ಪಂಕ್ಚರ್ ಹಾಕುವುದು. ಅದರ ಮೇಲೆ ಹೊಸ ತಾಪತ್ರಯ ಬೇರೆ. ಎಲ್ಲರೂ ಬಸ್‌ಸ್ಟ್ಯಾಂಡಿನಿಂದ ಕಾಲೇಜಿನ ಕಡೆಗೇ ತುಳಿದರೆ ಒಂದು ಕಡೆ ಕಂಬ ಮಾತ್ರ, ಇನ್ನೊಂದು ಕಡೆ ಬಿಡಲು ಜಾಗವಿಲ್ಲ. ಹತ್ತು ಗಂಟೆಯೊಳಗೆ ಗಾಡಿಯಲ್ಲಿ ತುಂಬಿ ವಾಪಸು ತರಬೇಕು. ಖಾಲಿ ಕಂಬ ನೋಡಿ ಎರಡು ಸಲ ಹಿಂದಿರುಗಿದವನು ಮೂರನೇ ಸಲ ಬರುವುದಿಲ್ಲ, ಸ್ಕೂಟರ್ ಕೊಳ್ಳುತ್ತಾನೆ.

ಮೈಸೂರಿನ ಯೋಜನೆಗೆ ಸುಮಾರು 20 ಕೋಟಿ ರೂಪಾಯಿ. ಬೆಳೆಯುವ ಯಾವ ಊರೇ ಆಗಲಿ, ಉದ್ಘಾಟನೆಯ ದಿನ ಸೈಕಲ್ ಎಷ್ಟು ಅಂತ ಹೇಳುತ್ತದೆ. ನಾವು ಕೇಳುವುದು ಐದನೇ ವರ್ಷದ ಟೈರಿನ ದುಡ್ಡು ಎಲ್ಲಿದೆ ಅಂತ. ಅದನ್ನು ಮೊದಲೇ ತೆಗೆದಿಡಬೇಕು. ರಿಪೇರಿ ಕೆಲಸವನ್ನು ಊರಿನಲ್ಲಿ ಇನ್ನೂ ಉಳಿದಿರುವ ಸೈಕಲ್ ಶಾಪುಗಳಿಗೇ ವಹಿಸಿದರೆ ಇನ್ನೂ ಒಳ್ಳೆಯದು. ಅವರ ಬಾಡಿಗೆ ವ್ಯಾಪಾರ ಹೋಗಿದೆ, ಕೈಕೆಲಸ ಹೋಗಿಲ್ಲ. ನಿಲ್ದಾಣಗಳು ಅರಮನೆ, ಮೃಗಾಲಯದ ಮುಂದೆ ಇದ್ದರೆ ಸಾಲದು, ಸರ್ಕಾರಿ ಶಾಲೆ, ಆಸ್ಪತ್ರೆಗಳ ಬಾಗಿಲಲ್ಲೂ ಬೇಕು. ಸೀರೆ ಉಟ್ಟ ಟೀಚರಮ್ಮನವರೂ ಹತ್ತುವಂತೆ ಅಡ್ಡಪಟ್ಟಿ ಕೆಳಗಿರಬೇಕು.

ಬೋರ್ಡಿನಲ್ಲಿ ಕನ್ನಡ ಮೊದಲಿರಲಿ, ಕೆಳಗೆ ಮಲಯಾಳದಲ್ಲೂ ಎರಡು ಸಾಲು ಇರಲಿ. ರಜೆಯ ದಿನ ವಯನಾಡಿನಿಂದ ಮೈಸೂರಿಗೆ ಬರುವ ಬಸ್ಸುಗಳನ್ನು ನೋಡಿದವರಿಗೆ ಇದಕ್ಕೆ ಕಾರಣ ಹೇಳಬೇಕಿಲ್ಲ.